ಮನೇಲೇ ಮಾಡ್ಬಹುದಲ್ಲಾ!

ನವಿ ಮುಂಬಯಿಯ ಸಾನಪಾಡಾದಲ್ಲಿ ದಪ್ಪಗಿರುವವರ ಹೊಟ್ಟೆ ಅವರ ಸ್ವಂತದ್ದಲ್ಲ, ಸೊಸೈಟಿಯ ಸಾರ್ವಜನಿಕ ಆಸ್ತಿ. ಅದರ ಬಗ್ಗೆ ಲಿಫ್ಟಿನಲ್ಲಿ ಜೊತೆಗೆ ನಿಂತವರು, ಎದುರು ಬಾಲ್ಕನಿಯಲ್ಲಿ ಬಟ್ಟೆ ಹರವುವವರು, ಊರಿಂದ ಬಂದ ಭಾವನ ತಮ್ಮ, ಯಾರು ಬೇಕಾದರೂ ಅಭಿಪ್ರಾಯ ಕೊಡಬಹುದು. ಆರು ತಿಂಗಳ ಮೆಂಟೆನೆನ್ಸ್ ಬಾಕಿ ಇಟ್ಟವರಿಗೂ ಈ ಹಕ್ಕು ಉಂಟು. 2025ರ ಫೆಬ್ರವರಿಯಲ್ಲಿ ಪ್ರಧಾನಿಯವರೇ 'ಮನ್ ಕಿ ಬಾತ್'ನಲ್ಲಿ ಅಡುಗೆ ಎಣ್ಣೆ ಶೇ. 10ರಷ್ಟು ಕಡಿಮೆ ಮಾಡಿ ಎಂದ ಮೇಲಂತೂ, ಬಟಾಟಾ ವಡಾ ಅಗಿಯುತ್ತಲೇ ಪಕ್ಕದವರ ತೂಕ ಚರ್ಚಿಸುವುದು ದೇಶಸೇವೆಯಾಗಿದೆ.

ಮೊದಲ ಸಲಹೆ 'ವಾಕಿಂಗ್ ಹೋಗಿ' ಎಂಬುದು. ಹೋದರೆ ಸೆಕ್ಟರಿನ ಗಾರ್ಡನ್ನಿನ ಬೆಂಚಿನಲ್ಲಿ ಕೂತವರು ಮುಸಿಮುಸಿ ನಗುತ್ತಾರೆ. ಕೂತವರಿಗೆ ನಡೆಯುವವರನ್ನು ಕಂಡರೆ ಅದೇನೋ ನಗು. ಆಮೇಲೆ ಕರುಣೆಯಿಂದ ತಿದ್ದುಪಡಿ ಬರುತ್ತದೆ: 'ಅಷ್ಟೆಲ್ಲ ಯಾಕೆ ತ್ರಾಸು ತಗೊಳ್ತೀರಿ? ಮನೇಲೇ ಮಾಡ್ಬಹುದಲ್ಲಾ!' ಕರಗಿ, ಆದರೆ ನಮ್ಮ ಕಣ್ಣಿಗೆ ಬೀಳದಂತೆ ಕರಗಿ ಎಂದರ್ಥ.

ಸಲಹೆಯೇನೋ ಸರಿಯಾದದ್ದೇ. ಕುರ್ಚಿಯಿಂದ ಕೈಯೂರದೆ ಏಳುವುದು ಕೂರುವುದು, ಗೋಡೆಗೆ ಅಂಗೈ ಒತ್ತಿ ದಂಡ ಹೊಡೆಯುವುದು, ನಿಂತಲ್ಲೇ ಮೊಣಕಾಲೆತ್ತಿ ಹೆಜ್ಜೆ ಹಾಕುವುದು, ನೀರು ತುಂಬಿದ ಬಾಟಲಿ ಎತ್ತಿಳಿಸುವುದು. ಶುರು ಮಾಡಲು ಇಷ್ಟು ಸಾಕು. ಹಾರಿ ಕುಣಿಯುವುದು ಭಾರ ಹೊತ್ತ ಮಂಡಿಗೂ ಬೇಡ, ಕೆಳಗಿನ ಫ್ಲ್ಯಾಟಿನ ಕಾಕಾಗೂ ಬೇಡ. ವಾರಕ್ಕೆ 150ರಿಂದ 300 ನಿಮಿಷ ಮೈ ಆಡಿಸಿ ಎನ್ನುವ ವಿಶ್ವ ಆರೋಗ್ಯ ಸಂಸ್ಥೆ, ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಆಗಬೇಕೆಂಬ ಹಳೆಯ ಷರತ್ತನ್ನು 2020ರಲ್ಲಿ ಕೈಬಿಟ್ಟಿದೆ. ಕುಕ್ಕರ್ ಮೂರು ಸೀಟಿ ಹಾಕುವ ಹೊತ್ತೂ ಈಗ ಲೆಕ್ಕಕ್ಕೆ ಬರುತ್ತದೆ. ತೊಂದರೆ ಒಂದೇ: ಕುರ್ಚಿ, ಗೋಡೆಗಳನ್ನು ಮಾರಿ ಕಮಿಷನ್ ಹೊಡೆಯುವುದು ಕಷ್ಟ. ಗೋಡೆಗಂತೂ ನಾವು ಆಗಲೇ ಇಪ್ಪತ್ತು ವರ್ಷದ ಇಎಂಐ ಕಟ್ಟುತ್ತಿದ್ದೇವೆ.

ಇನ್ನು 'ಮನೇಲೇ' ಎನ್ನುತ್ತಾರಲ್ಲ, ಆ ಮನೆ ಎಲ್ಲಿದೆ? ವನ್ ಬಿಎಚ್‌ಕೆಯಲ್ಲಿ ಮ್ಯಾಟ್ ಹಾಸಬೇಕಾದರೆ ಟೀಪಾಯಿ ಎತ್ತಬೇಕು; ಎತ್ತಿದ ಟೀಪಾಯಿ ಇಡಲು ಪಕ್ಕದವರ ಮನೆಗೆ ಹೋಗಬೇಕು. ಹಾಗೂ ಯಜಮಾನರು ಮ್ಯಾಟ್ ಹಾಸಿದರೆನ್ನಿ, ಮನೆಯಲ್ಲಿ ಕರ್ಫ್ಯೂ. ಅತ್ತೆಯ ಧಾರಾವಾಹಿ ಮ್ಯೂಟ್, ನಿಂಬೆ ಪಾನಕ ರೆಡಿ. ಅದೇ ಮ್ಯಾಟನ್ನು ಯಜಮಾನತಿ ಹಾಸಿದರೆ, 'ಅಮ್ಮಾ, ಚಾರ್ಜರ್ ಎಲ್ಲಿ?', 'ಏ, ಹಾಲು ಉಕ್ಕಿತಾ ನೋಡು', ಕೊನೆಗೆ ಸಿದ್ಧಾಂತ: 'ನಿಂಗ್ಯಾಕೆ ವ್ಯಾಯಾಮ? ಮನೆಕೆಲಸಾನೇ ವ್ಯಾಯಾಮ ಅಲ್ವಾ?' ಈ ಸಿದ್ಧಾಂತಿಗಳು ತಾವೊಮ್ಮೆ ಪಾತ್ರೆ ತೊಳೆದು ತೆಳ್ಳಗಾಗಿ ತೋರಿಸಿದ ದಾಖಲೆಯಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇದ್ದ ಹೆಂಗಸರು ಶೇ. 24, ಗಂಡಸರು ಶೇ. 22.9. ಸೌಟು ಆಡಿಸಿದರೆ ಬೊಜ್ಜು ಇಳಿಯುವಂತಿದ್ದರೆ ಈ ಅಂಕಿ ಅದಲುಬದಲಾಗಬೇಕಿತ್ತು.

ಮನೆಯಲ್ಲಿ ನಿಜವಾಗಿ ಬಾಗಿ ಏಳುವವಳು ಬೇರೆಯೇ ಇದ್ದಾಳೆ. ಬೆಳಗಾದರೆ ತುರ್ಭೆಯಿಂದ ಬರುವ ಮನೆಗೆಲಸದ ಬಾಯಿ ಐದಾರು ಮನೆಗಳ ಲಾದಿಯನ್ನು ಕುಕ್ಕರಗಾಲಲ್ಲಿ ಕೂತು ಒರೆಸುತ್ತಾಳೆ. ನಮ್ಮ ಪಾಲಿನ ಬಾಗುವಿಕೆಯನ್ನೆಲ್ಲ ಅವಳಿಗೆ ಗುತ್ತಿಗೆ ಕೊಟ್ಟು, ಅದನ್ನೇ ಮರಳಿ ಕಲಿಸಲು ಆನ್‌ಲೈನ್ ಟ್ರೇನರ್‌ಗೆ ಅವಳ ಪಗಾರದ ಮೂರು ಪಟ್ಟು ಫೀಸು ಕೊಡುತ್ತೇವೆ. ಫೋನಿನೊಳಗಿಂದ ಅವನು 'ಡೌನ್, ಡೌನ್' ಎಂದು ಕೂಗುವಾಗ ಮೇಡಂ ಕಾಲೆರಡನ್ನೂ ಸೋಫಾದ ಮೇಲೆ ಎತ್ತಿಕೊಳ್ಳುತ್ತಾರೆ, ಕೆಳಗೆ ಪೋಚಾ ನಡೆದಿರುತ್ತದೆ. ಬಾಯಿಯ ಮಂಡಿನೋವಿಗೆ ಯಾವ ಆಪ್‌ನಲ್ಲೂ ಪ್ಲಾನ್ ಇಲ್ಲ.

ಹಿಂದೆ ಮನೆಯೇ ವ್ಯಾಯಾಮ ಮಾಡಿಸುತ್ತಿತ್ತು. 1970ರಲ್ಲಿ ಹುಟ್ಟಿದ ನಗರ ನಿರ್ಮಾಣ ಸಂಸ್ಥೆ ಸಿಡ್ಕೋ ಖಾಡಿಯಾಚೆ ಹೊಸ ನಗರ ಕಟ್ಟಿದಾಗ ಲಿಫ್ಟಿಲ್ಲದ ನಾಲ್ಕು ಮಹಡಿಯ ಮನೆಗಳು ಬೇಕಾದಷ್ಟು ಬಂದವು. ಕೊತ್ತಂಬರಿ ಮರೆತವರು ಎರಡು ಸಲ ಹತ್ತಿಳಿಯುತ್ತಿದ್ದರು. ಈಗ ರಿಡೆವಲಪ್‌ಮೆಂಟ್ ಕಾಲ. ಬಿಲ್ಡರನ ಬ್ರೋಷರಿನಲ್ಲಿ ಪೋಡಿಯಂ ಮೇಲೆ ಜಿಮ್ಮು, ಜಿಮ್ಮಿನಲ್ಲಿ ಮೆಟ್ಟಿಲು ಹತ್ತುವ ಯಂತ್ರ, ಅಲ್ಲಿಗೆ ಹೋಗಲು ಹೈಸ್ಪೀಡ್ ಲಿಫ್ಟ್.

ಇಷ್ಟಾಗಿಯೂ ಕೆಲವರು ಕುರ್ಚಿ ಹಿಡಿದು ಮೂರು ವಾರ ನಡೆಸುತ್ತಾರೆ. ಆಗ ತಕ್ಕಡಿ ಕೈಕೊಡುತ್ತದೆ. ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7,700 ಕಿಲೊಕ್ಯಾಲರಿ ಕೂತಿದೆ. ಅರ್ಧ ಗಂಟೆ ಬೆವರಿಳಿಸಿದರೆ ಹೋಗುವುದು ನೂರು, ನೂರೈವತ್ತು. ಊಟದ ತಟ್ಟೆ ಬದಲಾಗದೆ ಮುಳ್ಳು ಅಷ್ಟಾಗಿ ಅಲ್ಲಾಡದು. ರಕ್ತದೊತ್ತಡ, ಸಕ್ಕರೆ ಹತೋಟಿಗೆ ಬರಬಹುದು, ಏದುಸಿರು ಕಡಿಮೆಯಾಗಬಹುದು. ಆದರೆ ಇಳಿದ ರಕ್ತದೊತ್ತಡವನ್ನು ಯಾರಿಗೆ ತೋರಿಸುವುದು? ಸೀರೆಯ ನೆರಿಗೆಯಲ್ಲಿ ಅದು ಕಾಣದು. 'ಏನೂ ಫರಕ್ ಇಲ್ವಲ್ಲ' ಎಂದು ನೆಂಟರು ತೀರ್ಪು ಕೊಟ್ಟ ಮಾರನೆಯ ದಿನ ಕುರ್ಚಿಗೆ ನಿವೃತ್ತಿ, ಕ್ರೆಡಿಟ್ ಕಾರ್ಡಿಗೆ ವ್ಯಾಯಾಮ. ಟ್ರೆಡ್‌ಮಿಲ್ ಮನೆ ಸೇರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಅದರ ಮೇಲೆ ಜೀನ್ಸ್ ಒಣಗುತ್ತದೆ.

ದೀಪಾವಳಿಯ ಸಫಾಯಿ ಹೊತ್ತಿಗೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಜಾಹೀರಾತು: 'ಟ್ರೆಡ್‌ಮಿಲ್ ಮಾರಾಟಕ್ಕಿದೆ. ಬಳಸಿಯೇ ಇಲ್ಲ. ಮೂರನೇ ಮಹಡಿ, ಲಿಫ್ಟ್ ರಿಪೇರಿಯಲ್ಲಿದೆ. ಕೊಂಡವರೇ ಇಳಿಸಿಕೊಂಡು ಹೋಗಬೇಕು.' ಗಿರಾಕಿಯೂ ಸಿಕ್ಕಿದ್ದಾರೆ, ಎದುರಿನ ವಿಂಗ್‌ನವರು, ನಾಲ್ಕನೇ ಮಹಡಿ. ಹೊತ್ತು ಹತ್ತಿಸಲು ಬಾಯಿಯ ಗಂಡನಿಗೆ ಹೇಳಿ ಕಳಿಸಿದ್ದಾರೆ.