ಮುಲ್ಲಾಗಳ ಪರಮ ಹಿತೈಷಿಗಳಿಗೆ

ಫುರ್ಖಾನ್ ಬಳಗದ ಮಹನೀಯರೇ,

ಬದುಕಿದ್ದಾಗಲೇ ನಿಮ್ಮ ವಿಳಾಸ ಯಾರಿಗೂ ಸಿಗುತ್ತಿರಲಿಲ್ಲ. ಹಾಗಾಗಿ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

1979ರ ಫೆಬ್ರುವರಿಯಲ್ಲಿ ಇರಾನಿನ ಷಾ ಆಡಳಿತ ಉರುಳಿತು. ಎರಡೂವರೆ ತಿಂಗಳೂ ತುಂಬಿರಲಿಲ್ಲ, ನೀವು ಕೆಲಸಕ್ಕಿಳಿದಿರಿ. ಕ್ರಾಂತಿಯ ನಂತರ ಮೊದಲ ಸೇನಾ ಮುಖ್ಯಸ್ಥರಾಗಿ, ಅಷ್ಟರಲ್ಲೇ ಹುದ್ದೆ ಬಿಟ್ಟು ಮನೆಯಲ್ಲಿದ್ದ ಜನರಲ್ ಖರಾನಿ ಮೊದಲ ಬಲಿ. ನಿಮ್ಮ ಗುರಿಯೇನೋ ಘನವಾದದ್ದೇ: ಮುಲ್ಲಾಗಳಿಲ್ಲದ ಇಸ್ಲಾಂ. ಅದನ್ನು ಸಾರಿದ ನಿಮ್ಮ ನಾಯಕ ಅಕ್ಬರ್ ಗುದರ್ಜಿ ಸ್ವತಃ ಮದರಸಾದಲ್ಲಿ ಓದಿದವರು ಎಂಬುದನ್ನು ಸದ್ಯಕ್ಕೆ ಪಕ್ಕಕ್ಕಿಡೋಣ.

ಮೇ 1ರ ರಾತ್ರಿ ಧರ್ಮಗುರು ಮುರ್ತಜಾ ಮುತಹ್ಹರಿಯವರ ಸರದಿ. ತೆಹರಾನಿನಲ್ಲಿ ಗೆಳೆಯರೊಬ್ಬರ ಮನೆಯ ಸಭೆ ಮುಗಿಸಿ ಹೊರಬಂದವರ ತಲೆಗೆ ಗುಂಡಿಟ್ಟಿರಿ. ಪಾಪ, ಅವರು ಮಾಡಿದ್ದೇನು? ಕುರಾನಿಗೆ ನಿಮ್ಮಂಥವರು ಹಚ್ಚುತ್ತಿದ್ದ ಭೌತವಾದದ ಬಣ್ಣವನ್ನು ತಮ್ಮ ಪುಸ್ತಕವೊಂದರ ಮುನ್ನುಡಿಯಲ್ಲಿ ಬಯಲು ಮಾಡಿದ್ದರು. ಮುನ್ನುಡಿಗೆ ಮರುಮುನ್ನುಡಿ ಬರೆಯುವುದು ತಡವಾಗುವ ಕೆಲಸ, ಒಪ್ಪುತ್ತೇನೆ. ಆದರೆ ನೀವು ಗುರುವೆಂದು ತಲೆಮೇಲೆ ಹೊತ್ತ ಅಲಿ ಶರಿಯತಿಯವರನ್ನು ಹುಸೇನಿಯಾ ಇರ್ಶಾದ್‌ನ ಭಾಷಣ ವೇದಿಕೆಗೆ ಕರೆತಂದವರಲ್ಲಿ ಇದೇ ಮುತಹ್ಹರಿ ಒಬ್ಬರು. ಆಮೇಲೆ ಇಬ್ಬರಿಗೂ ಹೊಂದಲಿಲ್ಲ, ಮುತಹ್ಹರಿ ಅಲ್ಲಿಂದ ಹೊರನಡೆದರು. ಹೊರನಡೆದರು, ಅಷ್ಟೇ; ಪಿಸ್ತೂಲು ಹಿಡಿದು ಮರಳಿ ಬರಲಿಲ್ಲ.

ಅದೇ ತಿಂಗಳು ಇನ್ನೊಬ್ಬ ಧರ್ಮಗುರು ರಫ್ಸಂಜಾನಿಯವರನ್ನು ಕೊಲ್ಲಲು ಅವರ ಮನೆಗೇ ಹೋದಿರಿ. ಅಲ್ಲಿ ಅವರ ಹೆಂಡತಿ ಇಫ್ಫತ್ ಗಂಡನ ಮೇಲೆ ಅಡ್ಡಬಿದ್ದು ಕೂಗಿಕೊಂಡರು. ನಿಮ್ಮ ಇಡೀ ದರ್ಶನಶಾಸ್ತ್ರದಲ್ಲಿ ಇದಕ್ಕೆ ಉತ್ತರವಿರಲಿಲ್ಲ, ಕಾಲ್ಕಿತ್ತಿರಿ. ಡಿಸೆಂಬರ್‌ನಲ್ಲಿ ತೆಹರಾನ್ ವಿಶ್ವವಿದ್ಯಾಲಯದ ಧರ್ಮಶಾಸ್ತ್ರ ವಿಭಾಗದಲ್ಲೇ ಧರ್ಮಗುರು ಮುಫತ್ತಿಹ್ ಅವರನ್ನು ಕೊಂದಿರಿ, ಜೊತೆಗೆ ಇಬ್ಬರು ಅಂಗರಕ್ಷಕರನ್ನೂ. ಆ ಇಬ್ಬರು ಯಾವ ಇಸ್ಲಾಮಿಗೆ ಅಡ್ಡಿಯಾಗಿದ್ದರೋ!

ಈಗ ಲಾಭದ ಲೆಕ್ಕ ಒಪ್ಪಿಸುತ್ತೇನೆ. ಮುತಹ್ಹರಿ ಸತ್ತ ದಿನದ ನೆನಪಿಗೆ ಇರಾನಿನಲ್ಲಿ ಶಿಕ್ಷಕರ ದಿನಾಚರಣೆ. ಮುಫತ್ತಿಹ್ ಹತರಾದ ದಿನ ಮದರಸಾ ಮತ್ತು ವಿಶ್ವವಿದ್ಯಾಲಯಗಳ ಐಕ್ಯದ ದಿನ. ಯಾವ ಎರಡನ್ನು ಬೇರ್ಪಡಿಸಲು ಗುಂಡು ಹಾರಿಸಿದಿರೋ ಅವಕ್ಕೇ ಗಂಟು ಹಾಕಿಸಿದಿರಿ, ಅದೂ ಪುಕ್ಕಟೆಯಾಗಿ. ಮುತಹ್ಹರಿ ಹತ್ಯೆಯಾದ ನಾಲ್ಕೇ ದಿನಕ್ಕೆ ಕ್ರಾಂತಿ ರಕ್ಷಣಾ ಪಡೆಗೆ ಕ್ರಾಂತಿಯ ನಾಯಕ ಖೊಮೇನಿಯವರ ಅಧಿಕೃತ ಮುದ್ರೆ ಬಿತ್ತು. ಆ ಪಡೆಗೆ ತಯಾರಿ ಮೊದಲೇ ನಡೆದಿತ್ತು, ಪೂರ್ತಿ ಪುಣ್ಯ ನಿಮಗೆ ಕೊಡಲಾರೆ. ಆದರೆ ಅಂಥ ಪಡೆ ಯಾಕೆ ಬೇಕು ಎಂದು ಕೇಳುವವರ ಬಾಯಿ ಮುಚ್ಚಿಸಿದ್ದು ನೀವೇ.

1980ರ ಮೇನಲ್ಲಿ ಗುದರ್ಜಿಯವರನ್ನು ಗುಂಡಿಟ್ಟು ಕೊಂದರು. ಮರುವರ್ಷ ಜೂನ್‌ನಲ್ಲಿ ಮಸೀದಿಯೊಂದರಲ್ಲಿ ಧರ್ಮಗುರು ಅಲಿ ಖಮೇನಿ ಮಾತಾಡುತ್ತಿದ್ದಾಗ ಟೇಪ್ ರೆಕಾರ್ಡರ್ ಸಿಡಿಯಿತು. ಒಳಗೆ ನಿಮ್ಮ ಬಳಗದ ‘ಕೊಡುಗೆ’ ಎಂಬ ಬರಹ ಸಿಕ್ಕಿತಂತೆ. ಅದು ಬೇರೆಯವರ ಕೈವಾಡ ಎನ್ನುವವರೂ ಇದ್ದಾರೆ. ಬಲಗೈ ಊನವಾದ ಖಮೇನಿ ನಾಲ್ಕು ತಿಂಗಳೊಳಗೆ ರಾಷ್ಟ್ರಾಧ್ಯಕ್ಷರಾದರು, 1989ರಲ್ಲಿ ಸರ್ವೋಚ್ಚ ನಾಯಕರೂ ಆದರು. ತೆರವಾದ ಅಧ್ಯಕ್ಷರ ಕುರ್ಚಿಗೆ ಬಂದವರು ರಫ್ಸಂಜಾನಿ.

ಇಂತಿ,
ನಿಮ್ಮ ಗುರಿಕಾರಿಕೆಯ ಅಭಿಮಾನಿ