ಎಡಗಾಲಿಗೆ ರಜೆ

2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ನನ್ನ ಬಿ.ಪಿ. ಏರಿತು. ಅಲ್ಲಿಯವರೆಗೆ ‘ರೇಟು ಜಾಸ್ತಿ’ ಎಂದು ಮನೆಯವರ ಬಾಯಿ ಮುಚ್ಚಿಸುತ್ತಿದ್ದವನಿಗೆ ಕೇಂದ್ರ ಸರ್ಕಾರವೇ ಕೈಕೊಟ್ಟಿತ್ತು. ಸರಿ, ದಿನ ದೂಡಲು ಬೇರೆ ಉಪಾಯ ಹೂಡಿದೆ: ‘ಕಾರು ಇಟ್ಟುಕೊಂಡವರನ್ನು ಒಂದು ಮಾತು ಕೇಳಿಬಿಡೋಣ.’

ಕೇಳಿದ್ದೇ ತಡ, ಅರ್ಧ ಮೈಸೂರು ನನ್ನ ಹಿತೈಷಿಯಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು. ಇಎಂಐ ಕಟ್ಟುವವರಿಗೆ ಇನ್ನೂ ಮುದ್ದು. ಪಕ್ಕದ ಮನೆಯ ರಾಯರು ‘ಲೀಟರಿಗೆ 26 ಕೊಡುತ್ತೆ ಸ್ವಾಮಿ’ ಎಂದರು. ಕೆದಕಿದರೆ, ಎಸಿ ಹಾಕಬಾರದು, 60 ದಾಟಬಾರದು, ಹೆಂಡತಿ ಮಕ್ಕಳು ಜೊತೆಗಿರಬಾರದು. ಟಾಟಾ ಪಂಚ್ ಕೊಂಡ ಸಹೋದ್ಯೋಗಿ, ಸುರಕ್ಷತೆಗಾಗಿ ಗ್ಲೋಬಲ್ ಎನ್‌ಕ್ಯಾಪ್ 2021ರಲ್ಲಿ ಕೊಟ್ಟ ಐದು ಸ್ಟಾರುಗಳನ್ನು ತನ್ನ ಭುಜಕ್ಕೇ ಹಚ್ಚಿದಂತೆ ಬೀಗಿದ. ವ್ಯಾಗನ್ ಆರ್ ಅಭಿಮಾನಿಯೊಬ್ಬರು ‘ಡಿಕ್ಕಿ 341 ಲೀಟರ್’ ಎಂದರು. ನಮ್ಮ ಮನೆಯಲ್ಲಿ ಲಗೇಜನ್ನು ಮೂಟೆಯಲ್ಲಿ ಅಳೆಯುತ್ತಾರೆ. ಊರಿನ ಹಲಸಿನಹಣ್ಣು ಎಷ್ಟು ಲೀಟರ್ ಎಂದು ಯಾರನ್ನು ಕೇಳಲಿ? ಮಾವನವರದು ಒಂದೇ ಮಾತು: ‘ಮಾರುತಿ 800 ಮುಂದೆ ಯಾವುದೂ ನಿಲ್ಲಲ್ಲ.’ ಅದರ ತಯಾರಿಕೆ 2014ರಲ್ಲೇ ನಿಂತಿತಲ್ಲ ಎಂದೆ. ‘ನೀವು ಆಗಲೇ ತಗೋಬೇಕಿತ್ತು’ ಎಂದರು.

ನಾನೂ ಸ್ವಲ್ಪ ಓದಿಕೊಂಡೆ. ಉದ್ದ ನಾಲ್ಕು ಮೀಟರ್ ದಾಟದೆ, ಪೆಟ್ರೋಲ್ ಎಂಜಿನ್ 1200 ಸಿಸಿಯೊಳಗೆ, ಡೀಸೆಲ್ ಆದರೆ 1500ರೊಳಗೆ ಇದ್ದರೆ ತೆರಿಗೆ ಕಡಿಮೆ. ಅದಕ್ಕೇ ಎಷ್ಟೋ ಕಾರುಗಳು ಸರಿಯಾಗಿ 3995 ಮಿ.ಮೀ.ಗೆ ಬಾಲ ಮಡಚಿಕೊಳ್ಳುತ್ತವೆ. ನಮ್ಮ ಪೋರ್ಟಿಕೊ ನಾಲ್ಕೂಕಾಲು ಮೀಟರ್! ಟೇಪು ಹಿಡಿದು ಹಿಗ್ಗಿದೆ. ‘ಗೇಟು ಒಳಕ್ಕೆ ತೆರೆಯುತ್ತೆ, ನೆನಪಿದೆಯಾ?’ ಎಂದಳು ಹೆಂಡತಿ. ಒಳಕ್ಕೇ ತೆರೆಯಬೇಕು, ವಾಸ್ತು, ಎಂದು ಹಟ ಹಿಡಿದು ಮಾಡಿಸಿದವನು ನಾನೇ.

ಕೊನೆಗೆ, ‘ಕ್ಲಚ್ಚೇ ಇಲ್ಲ, ಎಡಗಾಲಿಗೆ ಪೂರ್ತಿ ರಜೆ’ ಎಂದು ಇನ್ನೊಬ್ಬ ಮಾಲೀಕರು ಹೊಗಳಿದ್ದ ಎಎಂಟಿ ಕಾರಿನ ಟೆಸ್ಟ್ ಡ್ರೈವ್‌ಗೆ ಕುಟುಂಬ ಸಮೇತ ಹೊರಟೆ. ಪಕ್ಕದಲ್ಲಿ ಷೋರೂಮಿನ ಹುಡುಗ. ಹಿಂದೆ ಹೆಂಡತಿ, ಮಗಳು, ಅಮ್ಮ; ಅಮ್ಮನ ಮಡಿಲಲ್ಲಿ ಬಾಯಿ ಬಿಚ್ಚಿದ ಖಾರಾಪುರಿ ಪೊಟ್ಟಣ. ಹಂಪ್ ಬಂತು. ನನ್ನ ಎಡಗಾಲಿಗೆ ರಜೆಯ ಆದೇಶ ತಲುಪಿರಲಿಲ್ಲ. ಅದು ಕ್ಲಚ್ ಎಂದುಕೊಂಡು ಬ್ರೇಕನ್ನೇ ದಬಕ್ಕನೆ ತುಳಿಯಿತು. ಕಾರು ನಿಂತಿತು, ಪುರಿ ನಿಲ್ಲಲಿಲ್ಲ. ಒಂದಿಷ್ಟು ಹುಡುಗನ ಜೆಲ್ ಹಚ್ಚಿದ ಕ್ರಾಪಿನಲ್ಲಿ ಅಂಟಿಕೊಂಡಿತು, ಒಂದಿಷ್ಟು ಗೇರ್ ಸಂದಿಗೆ ಇಳಿಯಿತು. ಹಿಂದಿದ್ದ ಆಟೋದವರ ಅಭಿಪ್ರಾಯ ಅಚ್ಚು ಮಾಡುವಂಥದ್ದಲ್ಲ. ಹುಡುಗ ಮಾತ್ರ ಕೂದಲಿನಿಂದ ಕಡಲೆಬೀಜ ಆರಿಸಿಕೊಳ್ಳುತ್ತಲೇ ನಕ್ಕ: ‘ಬ್ರೇಕ್ ಸೂಪರ್ ಅಲ್ವಾ ಸರ್?’

ನಿಷ್ಪಕ್ಷಪಾತ ಅಭಿಪ್ರಾಯ ಸಿಕ್ಕಿದ್ದು ಆ ಸಂಜೆ, ಒಂದು ಪೈಸೆಯನ್ನೂ ಹಾಕದವರಿಂದ. ‘ಮೊಣಕಾಲು ಮುಂದಿನ ಸೀಟಿಗೆ ತಾಗುತ್ತೆ’ ಎಂದಳು ಮಗಳು. ‘ಮೂವರು ಕೂತರೆ ಮಧ್ಯದವರು ಉಸಿರಾಡೋ ಹಾಗಿಲ್ಲ’ ಎಂದಳು ಹೆಂಡತಿ. ಅಮ್ಮ ಮಾತ್ರ ಪ್ರಸನ್ನಳಾಗಿದ್ದಳು.

‘ಎಸಿ ತಣ್ಣಗಿತ್ತಪ್ಪಾ. ಸೋಮವಾರ ನಂಜನಗೂಡಿಗೆ ಹೋಗಬೇಕು. ಹೀಗೆ ಬಿಟ್ಟಿ ಕಾರು ಕೊಡೋರು ಇನ್ಯಾರಾದ್ರೂ ಇದ್ದಾರಾ ವಿಚಾರಿಸು.’