ಎದೇಲಿ ಜಾಗೃತಿ, ಬೆನ್ನಲ್ಲಿ ಜಹಾಂಗೀರು

(ನವೆಂಬರ್ 14, ವಿಶ್ವ ಮಧುಮೇಹ ದಿನ. ಲಾಲ್‌ಬಾಗಿನಲ್ಲಿ ಜಾಗೃತಿ ನಡಿಗೆ. ನಡಿಗೆಗಿಂತ ಸೆಲ್ಫಿಯೇ ಜಾಸ್ತಿ ಅನ್ನಿ.)

ಶೀನಣ್ಣ: ಏನ್ ರಾಯರೇ, ಹೊಸ ಟೀ ಶರ್ಟು! ಎದೆ ಮೇಲೆ ಏನೋ ಬರೆದಿದೆ?

ರಾಯರು: ‘ಹತ್ತಿರ ಬರಬೇಡಿ, ಇರುವೆ ಮುತ್ತಿದೆ.’ ಫ್ರೀ ಕಣಯ್ಯ!

ಶೀನಣ್ಣ: ಕೊಟ್ಟೋರು?

ರಾಯರು: ಬೆನ್ನು ನೋಡು. ಸ್ವೀಟ್ ಅಂಗಡಿಯವರು.

ಶೀನಣ್ಣ: ಓಹೋ, ಜಹಾಂಗೀರಿನ ಚಿತ್ರ! ರೋಗಿಗಳ ಬೆನ್ನಿಗೆ ನಿಂತಿದ್ದಾರೆ ಪಾಪ. ನಿಮಗೂ ಶುಗರ್ ಬಂತಾ?

ರಾಯರು: ಬಿಡ್ತು ಅನ್ನು! ನಂದು ನಾರ್ಮಲ್. ಸುಮ್ನೆ ತಮಾಷೆಗೆ.

ಪದ್ಮಕ್ಕ: ತಮಾಷೆಯಾ? ಘೋರ ಅವಮಾನ! ಖಂಡಿಸಿ ಮನವಿ ಬರೆದಿದ್ದೀನಿ.

ಶೀನಣ್ಣ: ನಿಮಗೆ ಶುಗರ್ ಎಷ್ಟಕ್ಕಾ?

ಪದ್ಮಕ್ಕ: ನಂಗ್ಯಾಕೆ ಬರುತ್ತೆ? ಇರೋರ ಪರವಾಗಿ ನೊಂದ್ಕೊಂಡೆ.

ಶೀನಣ್ಣ: ಇರೋರನ್ನ ಕೇಳಿದ್ರಾ?

ಪದ್ಮಕ್ಕ: ನೊಂದ್ಕೊಳ್ಳೋದ್ರಲ್ಲಿ ಪುರುಸೊತ್ತೆಲ್ಲಿ?

ರಾಯರು: ಅಗೋ, ಎದುರುಮನೆ ಪುಟ್ಟಿ. ಪಾಪ, ಚಾಕಲೇಟ್ ತಿಂದೂ ತಿಂದೂ ಶುಗರ್ ಬಂತಲ್ವೇನಮ್ಮಾ?

ಪುಟ್ಟಿ: ಇಲ್ಲ ತಾತ, ಟೈಪ್ 1. ನನ್ನ ಮೈಯಲ್ಲಿ ಇನ್ಸುಲಿನ್ ತಯಾರಾಗಲ್ಲ, ದಿನಾ ಚುಚ್ಕೋತೀನಿ. ಅದನ್ನ ಕಂಡುಹಿಡಿದವರಲ್ಲಿ ಒಬ್ಬರು ಬ್ಯಾಂಟಿಂಗ್. 1891ರಲ್ಲಿ ಇವತ್ತೇ ಹುಟ್ಟಿದ್ದು.

ರಾಯರು: ಇವತ್ತು ನೆಹರೂ ಹುಟ್ಟಿದ್ದಲ್ವಾ?

ಪುಟ್ಟಿ: ಒಂದೇ ದಿನ ಇಬ್ಬರು ಹುಟ್ಟಬಾರದಾ ತಾತ?

ಶೀನಣ್ಣ: ನಿನ್ನ ಅಂಗಿ ಮೇಲೂ ಏನೋ ಇದೆ?

ಪುಟ್ಟಿ: ನಾನೇ ಬರೆದಿದ್ದು. ‘ಲಡ್ಡೂ ಬೇಡ, ಬುದ್ಧಿವಾದವೂ ಬೇಡ.’

ಪದ್ಮಕ್ಕ: ಛೆ, ದೊಡ್ಡವರಿಗೆ ಅವಮಾನ! ಇದನ್ನೂ ಮನವಿಗೆ ಸೇರಿಸ್ತೀನಿ.

ರಾಯರು: ಸಾಲೇನೋ ಚೆನ್ನಾಗಿದೆ ಮಗು. ಆದ್ರೆ ಲಡ್ಡೂ ಬೇಡ ಅಂದ್ರೆ ಪ್ರಾಯೋಜಕರು ಒಪ್ಪಲ್ಲ.